ಲೆಕ್ಕ ಪುಷ್ಯ ಮಳೆಗೆ ಹಾಕೋಣ, ಮಾರ್ಚಿ ಬಿಸಿಲಿಗಲ್ಲ



ಈ ಸಂಚಿಕೆಯಲ್ಲಿ ಅಡಿಕೆ ಧಾರಣೆಯ ವಿಚಾರವನ್ನಾಗಲಿ, ಕಾಫಿ ಗೊಬ್ಬರದ ವಿಚಾರವನ್ನಾಗಲಿ ಬರೆಯುತ್ತಿಲ್ಲ. ಕಳೆದ ಒಂದು ವರ್ಷದಲ್ಲಿ ಸಂಘದ ಕಚೇರಿಗೆ ಬಂದ ಸದಸ್ಯರಲ್ಲಿ ಅನೇಕರು ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಸೆಕ್ರೆಟರಿಯವರೇ, ಮನೆಗೆ ಒಂದು ಸಣ್ಣ ಸೋಲಾರ್ ಹಾಕಿಸಬೇಕು ಅಂತಿದ್ದೇನೆ, ಎಷ್ಟು ವ್ಯಾಟಿನದು ತಗೊಳ್ಳಲಿ?" ಒಬ್ಬೊಬ್ಬರಿಗೂ ನಿಂತಲ್ಲೇ ಉತ್ತರ ಹೇಳಿ ಕಳುಹಿಸುವುದಕ್ಕಿಂತ ಎಲ್ಲರಿಗೂ ಒಮ್ಮೆಗೇ ಬರೆಯುವುದು ಮೇಲೆಂದು ತೋರಿದೆ. ಪ್ರಶ್ನೆಯನ್ನು ನಾವು ತಿರುಗುಮುರುಗಾಗಿ ಕೇಳುತ್ತಿದ್ದೇವೆ ಎಂಬುದೇ ನನ್ನ ಅಭಿಪ್ರಾಯ. ಆ ತಪ್ಪನ್ನು ಮೊದಲು ಮಾಡಿದವನು ನಾನೇ ಆದ್ದರಿಂದ ಹೀಗೆ ಹೇಳುವ ಹಕ್ಕು ನನಗಿದೆ.

2022ರ ಡಿಸೆಂಬರಿನಲ್ಲಿ, ಅಡಿಕೆ ಕೊಯ್ಲಿನ ಹಣ ಕೈಯಲ್ಲಿದ್ದಾಗ, ಪೇಟೆಯ ಒಂದು ಅಂಗಡಿಯಿಂದ ಒಂದು ಸೆಟ್ ತಂದೆ. 100 ವ್ಯಾಟಿನ ಒಂದು ಪ್ಯಾನೆಲ್, 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿ, ದೊಡ್ಡದೊಂದು ಇನ್ವರ್ಟರ್. ಕೂರಿಸಿದ ದಿನ ಆಕಾಶ ನಿರ್ಮಲವಾಗಿತ್ತು, ಮನೆಯ ದೀಪವೆಲ್ಲ ಉರಿದವು, ಟಿ.ವಿ.ಯೂ ನಡೆಯಿತು. ಅಂಗಡಿಯವರು ನನಗೆ ಸುಳ್ಳು ಹೇಳಲಿಲ್ಲ. ಅವರು ಹೇಳಿದ್ದು ಡಿಸೆಂಬರಿನ ಸತ್ಯ, ನನಗೆ ಬೇಕಾಗಿದ್ದುದು ಜುಲೈ ತಿಂಗಳಿನದು.

2024ರ ಜುಲೈಯಲ್ಲಿ ನಮ್ಮ ಕಡೆ ಮರ ಬಿದ್ದು ಕಂಬಗಳು ಮುರಿದು ಒಂಬತ್ತು ದಿವಸ ಕರೆಂಟ್ ಇರಲಿಲ್ಲ. ನಾಲ್ಕನೆಯ ದಿನ ರಾತ್ರಿ ಎರಡು ಗಂಟೆಗೆ ನನ್ನ ತಾಯಿಯವರಿಗೆ ಉಬ್ಬಸ ಹೆಚ್ಚಾಯಿತು. ನೆಬುಲೈಜರ್ ಹಚ್ಚಿದರೆ ಇನ್ವರ್ಟರ್ ಮೂರು ಸಲ ಕೂಗಿ ಆರಿಹೋಯಿತು. ಹತ್ತು ನಿಮಿಷದ ಕೆಲಸಕ್ಕೆ ಬೇಕಾದಷ್ಟು ವಿದ್ಯುತ್ತೂ ಮನೆಯಲ್ಲಿ ಉಳಿದಿರಲಿಲ್ಲ. ಅಡ್ಡ ಬಿದ್ದ ಮರವನ್ನು ಕಡಿಸಿ, ಜೀಪಿನಲ್ಲಿ ಅವರನ್ನು ಆಸ್ಪತ್ರೆ ಮುಟ್ಟಿಸುವಾಗ ಬೆಳಗಾಗಿತ್ತು. ಅಮ್ಮ ಉಳಿದದ್ದು ದೇವರ ದಯೆಯಿಂದ, ನನ್ನ ಲೆಕ್ಕದ ಬಲದಿಂದಲ್ಲ. ಮನೆಯಲ್ಲಿ ಬ್ಯಾಟರಿ ಇದ್ದೂ ಹೀಗಾಯಿತಲ್ಲ ಎಂಬ ನಾಚಿಕೆ ಮಾತ್ರ ಇಂದಿಗೂ ಹೋಗಿಲ್ಲ.

ಅಳಿಯ ಹೇಳಿದ ಲೆಕ್ಕ

ಅಮೆರಿಕದ ಕೊಲೊರಾಡೊದಲ್ಲಿರುವ ನನ್ನ ಸೋದರಳಿಯನೊಂದಿಗೆ ಫೋನಿನಲ್ಲಿ ಮಾತಾಡುವಾಗ ಈ ಸಂಗತಿ ಬಂತು. ಅಲ್ಲಿಯವರು ಕಾರಿನ ಹಿಂದೆ ಒಂದು ಪುಟ್ಟ ಗಾಲಿಮನೆಯನ್ನು ಕಟ್ಟಿಕೊಂಡು ರಜೆಯಲ್ಲಿ ಕಾಡು-ಬೆಟ್ಟಗಳಿಗೆ ಹೋಗಿ ನಾಲ್ಕಾರು ದಿನ ಇರುತ್ತಾರೆ. ಅದಕ್ಕೆ ಕ್ಯಾಂಪಿಂಗ್ ಟ್ರೈಲರ್ ಎನ್ನುತ್ತಾರೆ. ಅಲ್ಲಿ ಕರೆಂಟಿನ ಕಂಬವಿಲ್ಲ. ಆದ್ದರಿಂದ ಒಂದೋ ಎರಡೋ ಪ್ಯಾನೆಲ್, ಒಂದು ಬ್ಯಾಟರಿ, ಅಷ್ಟರಲ್ಲೇ ಸಂಸಾರ. ಅನೇಕ ಟ್ರೈಲರುಗಳಲ್ಲಿ ಫ್ರಿಜ್ಜನ್ನೂ ಗ್ಯಾಸಿನಿಂದಲೇ ನಡೆಸುತ್ತಾರಂತೆ.

"ಮಾವ, ನೀವು ಎಷ್ಟು ವ್ಯಾಟಿನ ಪ್ಯಾನೆಲ್ ಅಂತ ಆಮೇಲೆ ಕೇಳಿ. ದಿನಕ್ಕೆ ಎಷ್ಟು ಖರ್ಚು ಅಂತ ಮೊದಲು ಬರೆದುಕೊಳ್ಳಿ" ಎಂದ. ನಾನು ಪದವೀಧರ, ಸಂಘದ ಆಯವ್ಯಯ ಬರೆಯುವವನು. ನನಗೆ ನನ್ನ ಮನೆಯ ಆಯವ್ಯಯದ ಪಾಠ ಅವನಿಂದಾಯಿತು.

ಆದರೆ ಅವನ ಲೆಕ್ಕವನ್ನು ಹಾಗೆಯೇ ನಕಲು ಮಾಡಿದರೆ ನಾವು ಕೆಡುತ್ತೇವೆ. ಅವರು ಗಾಲಿಮನೆ ಎಳೆದುಕೊಂಡು ಹೋಗುವುದು ಹೆಚ್ಚಾಗಿ ಬೇಸಿಗೆಯಲ್ಲಿ, ಅಲ್ಲಿ ಜೂನ್ ತಿಂಗಳ ಹಗಲು ಹದಿನೈದು ಗಂಟೆ, ಒಣ ಹವೆ. ಮೋಡ ಮುಚ್ಚಿದರೆ ಗಾಡಿ ಕಟ್ಟಿಕೊಂಡು ಬಿಸಿಲಿದ್ದಲ್ಲಿಗೆ ಹೋಗುತ್ತಾರೆ. ನಮ್ಮ ಮನೆಗೆ ಗಾಲಿಯಿಲ್ಲ. ಅದು ಗುಡ್ಡದ ಬುಡದಲ್ಲಿ, ಮರಗಳ ನಡುವೆ, ಪುನರ್ವಸು ಪುಷ್ಯ ಮಳೆಗಳ ಕೆಳಗೇ ಇರತಕ್ಕದ್ದು. ಕರೆಂಟ್ ಹೋಗುವುದೂ ಆಗಲೇ, ಬಿಸಿಲು ಇಲ್ಲದಿರುವುದೂ ಆಗಲೇ. ಆದಕಾರಣ ನಮ್ಮ ಲೆಕ್ಕ ಜುಲೈಯಿಂದಲೇ ಆರಂಭವಾಗಬೇಕು.

ಹಳ್ಳ, ಕೆರೆ, ಗದ್ದೆ

ಪ್ಯಾನೆಲ್ ಎಂದರೆ ಹಳ್ಳ, ಬ್ಯಾಟರಿ ಎಂದರೆ ಕೆರೆ, ದೀಪ ಮೊದಲಾದುವು ಗದ್ದೆ ಎಂದು ತಿಳಿದರೆ ಸಾಕು. ಗದ್ದೆ ಎಷ್ಟೆಂದು ನೋಡದೆ ಕೆರೆ ತೋಡಿಸುವವನಿಲ್ಲ. ಅಳತೆಗೆ ಬೇಕಾದ ಲೆಕ್ಕವೂ ಒಂದೇ. ಉಪಕರಣದ ವ್ಯಾಟನ್ನು ಅದು ನಡೆಯುವ ಗಂಟೆಯಿಂದ ಗುಣಿಸಿದರೆ ವ್ಯಾಟ್-ಗಂಟೆ ಬರುತ್ತದೆ. ಸಾವಿರ ವ್ಯಾಟ್-ಗಂಟೆಗೆ ನಮ್ಮ ಬಿಲ್ಲಿನಲ್ಲಿ ಬರೆಯುವ ಒಂದು ಯೂನಿಟ್.

ಮಳೆಗಾಲದಲ್ಲಿ ಕರೆಂಟ್ ಇಲ್ಲದ ಒಂದು ದಿನಕ್ಕೆ ನನ್ನ ಮನೆಗೆ ನಿಜವಾಗಿ ಬೇಕಾದುದನ್ನು ಬರೆದೆ:

ಜಗಲಿ, ಅಡುಗೆಮನೆ, ಮಲಗುವ ಕೋಣೆ: 7 ವ್ಯಾಟಿನ ಮೂರು ಎಲ್.ಇ.ಡಿ. ಬಲ್ಬು, 4 ಗಂಟೆ – 84
ಬಚ್ಚಲಿನ ದಾರಿಗೆ 3 ವ್ಯಾಟಿನ ರಾತ್ರಿ ದೀಪ, 10 ಗಂಟೆ – 30
ಮೂರು ಮೊಬೈಲ್ ಫೋನ್ ಚಾರ್ಜ್ – 45
ಇಂಟರ್ನೆಟ್ಟಿನ ಪೆಟ್ಟಿಗೆ, 10 ವ್ಯಾಟ್, 8 ಗಂಟೆ – 80
ನೆಬುಲೈಜರ್, 150 ವ್ಯಾಟ್, ಒಟ್ಟು 20 ನಿಮಿಷ – 50

ಕೂಡಿದರೆ 289 ವ್ಯಾಟ್-ಗಂಟೆ. ಒಂದು ಯೂನಿಟ್ಟಿನ ಮೂರನೆಯ ಒಂದು ಪಾಲೂ ಇಲ್ಲ! ನಮ್ಮ ಕಡೆ ಮಳೆಗಾಲದಲ್ಲಿ ಫ್ಯಾನು ಬೇಡ. ಫ್ರಿಜ್ಜು, ಮಿಕ್ಸಿ, ಟಿ.ವಿ. ಇವನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ.

ಈಗ ನನ್ನ ಹಳೆಯ ಸೆಟ್ ಕೆಟ್ಟ ಕಾರಣ ನೋಡಿ. ಇನ್ವರ್ಟರ್ ಎಂಬುದು ಏನೂ ಉರಿಸದೆ ಸುಮ್ಮನೆ ಚಾಲೂ ಇದ್ದರೂ ವಿದ್ಯುತ್ ತಿನ್ನುತ್ತದೆ. ನನ್ನದು 15 ವ್ಯಾಟ್ ತಿನ್ನುತ್ತಿತ್ತು. ದಿನದ 24 ಗಂಟೆಗೆ ಅದು 360 ವ್ಯಾಟ್-ಗಂಟೆ. ಮನೆಯ ದೀಪ, ಫೋನು, ಅಮ್ಮನ ಯಂತ್ರ ಎಲ್ಲ ಸೇರಿದರೂ ಅಷ್ಟಾಗುವುದಿಲ್ಲ. ಇತ್ತ 100 ವ್ಯಾಟಿನ ಪ್ಯಾನೆಲ್ ಮಳೆಗಾಲದಲ್ಲಿ ದಿನಕ್ಕೆ ಕೊಟ್ಟರೆ 250. ಅಂದರೆ ಪ್ಯಾನೆಲ್ ದುಡಿದದ್ದನ್ನೆಲ್ಲ ಇನ್ವರ್ಟರ್ ತಾನೇ ತಿಂದು, ಸಾಲದೆ ಬ್ಯಾಟರಿಯಿಂದ ಕಡ ತಂದೂ ತಿನ್ನುತ್ತಿತ್ತು. ಲೈನಿನಲ್ಲಿ ವೋಲ್ಟೇಜ್ ಇಲ್ಲದ ಮಳೆಗಾಲದಲ್ಲಿ ಅಲ್ಲಿಂದಲೂ ಸರಿಯಾಗಿ ಚಾರ್ಜ್ ಆಗುತ್ತಿರಲಿಲ್ಲ. ಸೀಸದ ಬ್ಯಾಟರಿಯನ್ನು ಅರೆಹೊಟ್ಟೆಯಲ್ಲಿ ಬಹುದಿನ ಇಟ್ಟರೆ ಅದರ ತಗಡುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕುಳಿತು ಶಕ್ತಿ ಹೋಗುತ್ತದೆ. ಎರಡನೆಯ ಮಳೆಗಾಲಕ್ಕೆ ನನ್ನ ಬ್ಯಾಟರಿ ಹೆಸರಿಗೆ ಮಾತ್ರ ಬ್ಯಾಟರಿಯಾಗಿತ್ತು.

ಆದ್ದರಿಂದ ಮೊದಲನೆಯ ಉಳಿತಾಯ ಹೆಚ್ಚು ಖರ್ಚಿಲ್ಲದ್ದು. ದೀಪಗಳಿಗೆ 12 ವೋಲ್ಟಿನ ಬಲ್ಬು ಹಾಕಿ ಬ್ಯಾಟರಿಯಿಂದ ನೇರವಾಗಿ ಉರಿಸಿರಿ. ಇಂಟರ್ನೆಟ್ ಪೆಟ್ಟಿಗೆಗಳಲ್ಲಿ ಅನೇಕವು 12 ವೋಲ್ಟಿನವೇ, ಅಡಾಪ್ಟರಿನ ಮೇಲೆ ಬರೆದಿರುತ್ತದೆ. ಫೋನಿಗೆ ಕಾರಿನ ಚಾರ್ಜರು ಸಾಕು. ಇನ್ವರ್ಟರನ್ನು ನೆಬುಲೈಜರಿನಂಥ ಕೆಲಸಕ್ಕೆ ಮಾತ್ರ ಹಾಕಿ, ಮುಗಿದೊಡನೆ ಆರಿಸಿರಿ. ಹಾಗೆ ಮಾಡಿದರೆ ಇನ್ವರ್ಟರಿಗೆ ದಿನಕ್ಕೆ 15 ಸಾಕು. ಒಟ್ಟು 304. ತಂತಿ, ಚಾರ್ಜಿಂಗ್ ಮೊದಲಾದ ಸೋರಿಕೆಗೆ ಕಾಲುಭಾಗ ಸೇರಿಸಿ 380, ದುಂಡಗೆ 400 ವ್ಯಾಟ್-ಗಂಟೆ ಎಂದಿಟ್ಟುಕೊಂಡೆ.

ಕೆರೆ ಎಷ್ಟು ದೊಡ್ಡದು?

ಮೋಡ ಬಿಡದೆ ಮೂರು ದಿನ ಕವಿದಿದ್ದರೂ ನಡೆಯಬೇಕು ಎಂಬುದು ನನ್ನ ನಿಶ್ಚಯ. 400ರ ಮೂರರಷ್ಟು 1,200 ವ್ಯಾಟ್-ಗಂಟೆ. ಬ್ಯಾಟರಿಯ ಆಂಪಿಯರ್-ಗಂಟೆಯನ್ನು ವೋಲ್ಟಿನಿಂದ ಗುಣಿಸಿದರೆ ಅದರೊಳಗಿನ ವ್ಯಾಟ್-ಗಂಟೆ ತಿಳಿಯುತ್ತದೆ. ಆದರೆ ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆಯುತ್ತ ಹೋದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಆದ್ದರಿಂದ 1,200 ಬೇಕಾದರೆ 2,400 ಇರಬೇಕು, ಅಂದರೆ 12 ವೋಲ್ಟಿನ 200 ಆಂಪಿಯರ್-ಗಂಟೆಯದು. ಈಗ ಬಂದಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಬಳಸಬಹುದು. 12.8 ವೋಲ್ಟಿನ 100 ಆಂಪಿಯರ್-ಗಂಟೆಯದರಲ್ಲಿ 1,280 ಇದ್ದು 1,150 ಕೈಗೆ ಸಿಗುತ್ತದೆ. ಮೂರು ದಿನಕ್ಕೆ ತುಸು ಕಡಿಮೆ, ಚಿಂತೆಯಿಲ್ಲ.

ಅಂಗಡಿಯಲ್ಲಿ 200ರ ಪಕ್ಕ 100 ಇಟ್ಟು ಬೆಲೆ ಕೇಳಿದರೆ ಲಿಥಿಯಂ ದುಬಾರಿಯೆಂದು ಕಾಣುತ್ತದೆ. ಹೋಲಿಸಬೇಕಾದದ್ದು ಕೈಗೆ ಸಿಗುವ ವ್ಯಾಟ್-ಗಂಟೆಯನ್ನು, ಬಾಳುವ ವರ್ಷಗಳನ್ನು. ಲಿಥಿಯಂ ಬ್ಯಾಟರಿಗೆ ನೀರು ಹಾಕುವುದಿಲ್ಲ, ಅರೆಹೊಟ್ಟೆಯಲ್ಲಿದ್ದರೂ ಕೆಡುವುದಿಲ್ಲ, ಒಬ್ಬನೇ ಎತ್ತಿಡಬಹುದು. ಹಾಗೆಂದು ಸೀಸದ್ದು ತ್ಯಾಜ್ಯವೆಂದು ನಾನು ಹೇಳುತ್ತಿಲ್ಲ. ಹಣ ಕಡಿಮೆಯಿದ್ದು, ಡಿಸ್ಟಿಲ್ಡ್ ನೀರನ್ನು ಕಾಲಕಾಲಕ್ಕೆ ನೋಡುವ, ಪೂರ್ತಿ ಚಾರ್ಜ್ ಆಗುವಂತೆ ನಿಗಾ ಇಡುವ ಮನೆಯಲ್ಲಿ ಅದೂ ಚೆನ್ನಾಗಿ ನಡೆಯುತ್ತದೆ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಅನಿಲ ಬರುವುದರಿಂದ ಮಲಗುವ ಕೋಣೆಯಲ್ಲಿ ಮಾತ್ರ ಇಡಬೇಡಿ, ಗಾಳಿಯಾಡುವ ಕಡೆ ಇಡಿ. ಬ್ಯಾಟರಿ ಯಾವುದೇ ಆಗಲಿ, ಅದರ ಬುಡದಲ್ಲೇ ಫ್ಯೂಸ್ ಇರಲೇಬೇಕು. ಜೀಪಿನ ಹಳೆಯ ಬ್ಯಾಟರಿಯನ್ನು ಈ ಕೆಲಸಕ್ಕೆ ಹಚ್ಚುವವರಿಗೂ ಒಂದು ಮಾತು. ಅದು ಇಂಜಿನ್ನನ್ನು ಒಮ್ಮೆ ತಿರುಗಿಸಿ ಸುಮ್ಮನಿರಲು ಮಾಡಿದ್ದು, ರಾತ್ರಿಯಿಡೀ ದೀಪ ಹಿಡಿಯಲು ಅಲ್ಲ.

ಹಳ್ಳದ ಲೆಕ್ಕ

ಪ್ಯಾನೆಲಿನ ಮೇಲೆ ಬರೆದ ವ್ಯಾಟ್ ನೆತ್ತಿಯ ಮೇಲಿನ ಪ್ರಖರ ಬಿಸಿಲಿನಲ್ಲಿ ಬರುವಂಥದ್ದು. ದಿನದ ಬಿಸಿಲನ್ನೆಲ್ಲ ಒಟ್ಟುಗೂಡಿಸಿ, ಅದು ಅಂಥ ಪ್ರಖರ ಬಿಸಿಲಿನ ಎಷ್ಟು ಗಂಟೆಗೆ ಸಮವೆಂದು ಲೆಕ್ಕ ಹಾಕುತ್ತಾರೆ. ಮಾರ್ಚಿಯಲ್ಲಿ ನಮಗೆ ಐದು ಗಂಟೆಗೆ ಮೋಸವಿಲ್ಲ. ಮಳೆಗಾಲಕ್ಕೆ ಎರಡೂವರೆ ಗಂಟೆಗಿಂತ ಹೆಚ್ಚು ಹಿಡಿಯಬೇಡಿ. ಕವಿದ ದಿನ ಒಂದು ಗಂಟೆಯೂ ಸಿಗದು.

ದಿನದ ಖರ್ಚು 400ನ್ನು ಎರಡೂವರೆಯಿಂದ ಭಾಗಿಸಿದರೆ 160 ವ್ಯಾಟ್. ಆದರೆ ಅಲ್ಲಿಗೇ ನಿಲ್ಲಬಾರದು. ಮೂರು ದಿನ ಮೋಡವಿದ್ದು ಕೆರೆ ಬರಿದಾದ ಮೇಲೆ, ದಿನದ ಖರ್ಚನ್ನೂ ನಡೆಸಿಕೊಂಡು ಕೆರೆಯನ್ನೂ ನಾಲ್ಕು ದಿನದಲ್ಲಿ ತುಂಬಿಸಬೇಕು. 1,200ರ ನಾಲ್ಕನೆಯ ಒಂದು ಪಾಲು 300. ಅದನ್ನು 400ಕ್ಕೆ ಕೂಡಿಸಿದರೆ 700, ಎರಡೂವರೆಯಿಂದ ಭಾಗಿಸಿದರೆ 280 ವ್ಯಾಟ್. ಆದ್ದರಿಂದ 330 ವ್ಯಾಟಿನ ಒಂದು ಪ್ಯಾನೆಲ್ ಹಾಕಿಸಿದೆ. ಬೇಸಿಗೆಯಲ್ಲಿ ಇದು ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತದೆ. ಆಗ ಫ್ಯಾನು ತಿರುಗಲಿ, ಕೊಯ್ಲಿನ ಕಾಲಕ್ಕೆ ಅಡಿಕೆ ಅಂಗಳದ ಕಾವಲಿಗೆ ರಾತ್ರಿಯಿಡೀ 5 ವ್ಯಾಟಿನ ದೀಪ ಉರಿಯಲಿ.

ಇಲ್ಲಿ ಎರಡು ಹೊಂಡಗಳಿವೆ, ಬೀಳಬೇಡಿ. ಮೊದಲನೆಯದು ಚಾರ್ಜ್ ಕಂಟ್ರೋಲರ್. 330 ವ್ಯಾಟಿನ ದೊಡ್ಡ ಪ್ಯಾನೆಲಿನ ವೋಲ್ಟೇಜ್ ಸುಮಾರು 37, ಕರೆಂಟ್ ಸುಮಾರು 9 ಆಂಪಿಯರ್. ಪಿ.ಡಬ್ಲ್ಯು.ಎಂ. ಎಂಬ ಅಗ್ಗದ ಕಂಟ್ರೋಲರ್ ಈ 37 ವೋಲ್ಟನ್ನು ಬ್ಯಾಟರಿಯ 13ಕ್ಕೆ ಎಳೆದುಬಿಡುತ್ತದೆ, ಆಂಪಿಯರ್ ಮಾತ್ರ ಅಷ್ಟೇ ಉಳಿಯುತ್ತದೆ. 13ನ್ನು 9ರಿಂದ ಗುಣಿಸಿದರೆ 117. ಮುನ್ನೂರಮೂವತ್ತಕ್ಕೆ ಹಣ ಕೊಟ್ಟು ಮೂರನೆಯ ಒಂದು ಪಾಲು ಪಡೆದಂತಾಯಿತು. ಎಂ.ಪಿ.ಪಿ.ಟಿ. ಎಂಬ ಬಗೆಯದು ಹೆಚ್ಚಿನ ವೋಲ್ಟನ್ನು ಆಂಪಿಯರಾಗಿ ಬದಲಿಸಿ ಕೊಡುತ್ತದೆ. 30 ಆಂಪಿಯರಿನದು ಇದಕ್ಕೆ ಸಾಕು. ಸ್ವಲ್ಪ ಹಣ ಉಳಿಸಲು ಹೋಗಿ ಇಲ್ಲಿ ಜಿಪುಣತನ ಮಾಡಬೇಡಿ.

ಎರಡನೆಯದು ತಂತಿ. 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 12 ವೋಲ್ಟಿನ 10 ಆಂಪಿಯರನ್ನು 20 ಮೀಟರ್ ದೂರ ಒಯ್ದರೆ, ಹೋಗಿಬರುವ ದಾರಿ 40 ಮೀಟರಾಗಿ, ಸುಮಾರು 3 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ನೂರಕ್ಕೆ ಇಪ್ಪತ್ತೈದು! ಅದೇ ತಂತಿಯಲ್ಲಿ ಪ್ಯಾನೆಲಿನ 37 ವೋಲ್ಟನ್ನು ತಂದರೆ ನಷ್ಟ ನೂರಕ್ಕೆ ಏಳೆಂಟು. ಆದ್ದರಿಂದ ಕಂಟ್ರೋಲರ್ ಬ್ಯಾಟರಿಯ ಪಕ್ಕದಲ್ಲಿರಲಿ, ಉದ್ದದ ತಂತಿ ಪ್ಯಾನೆಲಿನ ಕಡೆಗಿರಲಿ.

ಇದರಿಂದ ಇನ್ನೊಂದು ಅನುಕೂಲವುಂಟು. ಪ್ಯಾನೆಲನ್ನು ಮನೆಯ ಮಾಡಿನ ಮೇಲೆಯೇ ಇಡಬೇಕೆಂದಿಲ್ಲ. ನೆರಳು ಕಾಫಿಗೆ ಹಿತ, ಪ್ಯಾನೆಲಿಗೆ ವೈರಿ. ಅದರೊಳಗಿನ ಕೋಶಗಳು ಸಾಲಾಗಿ ಜೋಡಣೆಯಾಗಿರುವುದರಿಂದ ಒಂದು ಮೂಲೆಗೆ ಸಿಲ್ವರ್ ಓಕಿನ ನೆರಳು ಬಿದ್ದರೂ ಉತ್ಪತ್ತಿ ಆ ಮೂಲೆಯ ಪಾಲಿಗಿಂತ ಬಹಳ ಹೆಚ್ಚು ಇಳಿಯುತ್ತದೆ. ನಮ್ಮ ತೋಟಗಳಲ್ಲಿ ಬಿಸಿಲಿಗೆಂದೇ ತೆರವು ಮಾಡಿಟ್ಟ ಜಾಗ ಒಂದೇ, ಅಡಿಕೆ ಒಣಗಿಸುವ ಅಂಗಳ. ಅದರ ಉತ್ತರದ ಅಂಚಿನಲ್ಲಿ ಕಂಬ ನೆಟ್ಟು, ದಕ್ಷಿಣಕ್ಕೆ ಮುಖಮಾಡಿ, ಸುಮಾರು 15 ಡಿಗ್ರಿ ಇಳಿಜಾರಾಗಿ ಕೂರಿಸಿದರೆ ಬಿಸಿಲೂ ಸಿಗುತ್ತದೆ, ಅಂಗಳಕ್ಕೆ ನೆರಳೂ ಬೀಳುವುದಿಲ್ಲ, ಒರೆಸಲು ಏಣಿಯೂ ಬೇಡ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಎಲೆ, ಪಾಚಿ ನೋಡಿ ಒರೆಸಲೇಬೇಕು. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಕಂಬವನ್ನು ಅರ್ಥ್ ಮಾಡಿಸುವುದನ್ನೂ ಮರೆಯಬಾರದು.

ಕೆಲವು ಆಕ್ಷೇಪಗಳು

"ಜನರೇಟರ್ ಇದೆಯಲ್ಲ ಮಾರಾಯ್ರೇ" ಎಂದು ಹಿರಿಯ ಸದಸ್ಯರೊಬ್ಬರು ಹೇಳಿದರು. ಇರಲಿ, ಫ್ರಿಜ್ಜಿಗೂ ಮಿಕ್ಸಿಗೂ ಅದೇ ಸರಿ. ದಿನಕ್ಕೆ ಒಂದು ಗಂಟೆ ಅದನ್ನು ನಡೆಸಿ ಭಾರದ ಕೆಲಸಗಳನ್ನೆಲ್ಲ ಮುಗಿಸಿಕೊಳ್ಳಿ, ಅದೇ ಹೊತ್ತಿಗೆ ಬ್ಯಾಟರಿಗೂ ಒಂದಿಷ್ಟು ತುಂಬಿಸಿಕೊಳ್ಳಬಹುದು. ಆದರೆ ಮೂರು ಬಲ್ಬಿಗೋಸ್ಕರ ರಾತ್ರಿಯಿಡೀ ಪೆಟ್ರೋಲ್ ಉರಿಸುವುದು ನಾಲ್ಕು ಆಳಿಗೆ ನಲವತ್ತು ಆಳಿನ ಅನ್ನ ಬೇಯಿಸಿದಂತೆ. ಮೇಲಾಗಿ, ರಾತ್ರಿ ಎರಡು ಗಂಟೆಗೆ ಮುದುಕಿಯ ಉಸಿರು ಕಟ್ಟಿದಾಗ ಮಳೆಯಲ್ಲಿ ಹಗ್ಗ ಎಳೆದು ಯಂತ್ರ ಎಬ್ಬಿಸುವವರು ಯಾರು?

"ಸರ್ಕಾರದ ಸಹಾಯಧನದಲ್ಲಿ ಮಾಡಿನ ಮೇಲೆ ದೊಡ್ಡ ಸೋಲಾರ್ ಬರುತ್ತದಲ್ಲ" ಎಂಬುದು ಇನ್ನೊಂದು ಮಾತು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆ ಬಿಲ್ಲು ಇಳಿಸಿಕೊಳ್ಳಲು ಒಳ್ಳೆಯದೇ. ಆದರೆ ಲೈನಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ಅಂಥ ವ್ಯವಸ್ಥೆ ಕರೆಂಟ್ ಹೋದೊಡನೆ ತಾನೂ ನಿಂತುಹೋಗುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ನನ ಪ್ರಾಣರಕ್ಷಣೆಗಾಗಿ ಅದನ್ನು ಹಾಗೆಯೇ ಮಾಡಿರುವುದು. ಮಾಡಿನ ತುಂಬ ಪ್ಯಾನೆಲ್ ಇದ್ದೂ ಕತ್ತಲೆಯಲ್ಲಿ ಕೂರಬೇಕಾದೀತು. ಇದನ್ನು ತಿಳಿಯದೆ ಅರ್ಜಿ ಹಾಕಿ ನಿರಾಶರಾಗಬಾರದೆಂದು ಈ ಮಾತು.

"ದೊಡ್ಡದೇ ಹಾಕಿಸಿದರಾಯಿತು" ಎನ್ನುವವರಿಗೆ ನನ್ನ ಆಕ್ಷೇಪವಿಲ್ಲ, ಅವರ ಜೇಬು ಬಲ್ಲದು. ನಾನು ಬರೆಯುತ್ತಿರುವುದು ಎರಡು ಮೂರು ಎಕರೆಯ ಸದಸ್ಯರಿಗಾಗಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಇಲ್ಲಿ ಕಾಲಿನ ಅಳತೆ ತೆಗೆದುಕೊಂಡ ಮೇಲೆಯೇ ಹಾಸಿಗೆ ಹೊಲಿಸಬೇಕು.

ಸಂಘ ಮಾಡಬೇಕಾದುದು

ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಮಕ್ಕಳೂ ಹೇಳುತ್ತಾರೆ. ಕಣ್ಣಂದಾಜಿನಲ್ಲಿ ಬೆರೆಸಿ ಕೊಳೆರೋಗಕ್ಕೆ ತೋಟ ಒಪ್ಪಿಸುವವರು ನಮ್ಮಲ್ಲಿಲ್ಲ. ಪ್ರತಿದಿನ ಬೆಳಿಗ್ಗೆ ಮಳೆಯನ್ನು ಅಳೆದು ಇಂಚು-ಸೆಂಟಿನಲ್ಲಿ ಬರೆದಿಡುವ ನಾವು, ಮನೆಯ ವಿದ್ಯುತ್ತಿನ ಖರ್ಚನ್ನು ಒಂದು ದಿನವೂ ಬರೆದಿಲ್ಲ. ಬರೆಯದೆ ಸಾವಿರಾರು ರೂಪಾಯಿಯ ಸಾಮಾನು ತರುತ್ತೇವೆ, ಎರಡು ವರ್ಷಕ್ಕೆ ಗುಜರಿಗೆ ಹಾಕಿ ಸೋಲಾರೇ ಸುಳ್ಳು ಎನ್ನುತ್ತೇವೆ. ನಾನೂ ಆರು ತಿಂಗಳು ಹಾಗೆಯೇ ಅಂದುಕೊಂಡು ತಿರುಗಿದವನು.

ಆದಕಾರಣ ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಮೂರು ಸಲಹೆಗಳನ್ನು ಇಡಲಿದ್ದೇನೆ. ಒಂದನೆಯದಾಗಿ, ವ್ಯಾಟ್ ಅಳೆಯುವ ಎರಡು ಮೀಟರುಗಳನ್ನು ಸಂಘ ಕೊಂಡು, ಸದಸ್ಯರಿಗೆ ವಾರದ ಮಟ್ಟಿಗೆ ಎರವಲು ಕೊಡತಕ್ಕದ್ದು. ಎರಡನೆಯದಾಗಿ, ಇದಕ್ಕಾಗಿ ಸಾಲ ಕೇಳುವವರು ಅರ್ಜಿಯೊಡನೆ ಒಂದು ಪುಟದ ಖರ್ಚಿನ ಪಟ್ಟಿ ಲಗತ್ತಿಸತಕ್ಕದ್ದು. ಪಟ್ಟಿ ಬರೆಯಲು ಕಷ್ಟವಾದರೆ ಕಚೇರಿಯಲ್ಲಿ ಕುಳಿತು ನಾವೇ ಬರೆದುಕೊಡುತ್ತೇವೆ. ಮೂರನೆಯದಾಗಿ, ಕೂಡಿ ಖರೀದಿ ಮಾಡುವಾಗ ಮಾರುವವರಿಂದ ಮೂರು ಅಂಕಿಗಳನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು: ಜುಲೈಯಲ್ಲಿ ದಿನಕ್ಕೆ ಎಷ್ಟು ವ್ಯಾಟ್-ಗಂಟೆ ಬರುತ್ತದೆ, ಬ್ಯಾಟರಿಯಿಂದ ಬಳಸಲು ಎಷ್ಟು ಸಿಗುತ್ತದೆ, ಇನ್ವರ್ಟರ್ ಸುಮ್ಮನಿದ್ದಾಗ ಎಷ್ಟು ತಿನ್ನುತ್ತದೆ. ಈ ಮೂರನ್ನು ಬರೆದುಕೊಡಲು ಹಿಂಜರಿಯುವವರ ಹತ್ತಿರ ನಮಗೆ ವ್ಯಾಪಾರ ಬೇಡ.

2025ರ ಮಳೆಗಾಲವನ್ನು ನನ್ನ ಹೊಸ ಸೆಟ್ ದಾಟಿಸಿತು. ಒಂದು ಸಲ ಆರು ದಿನ ಕರೆಂಟ್ ಇರಲಿಲ್ಲ. ಐದನೆಯ ದಿನ ರಾತ್ರಿ ಬ್ಯಾಟರಿಯಲ್ಲಿ ನೂರಕ್ಕೆ ಮೂವತ್ತರಷ್ಟು ಉಳಿದಿತ್ತು. ಮನೆಯವರು ಟಿ.ವಿ. ಇಲ್ಲವೆಂದು ಗೊಣಗಿದ್ದು ನಿಜ. ಆದರೆ ಅಮ್ಮನ ಮಂಚದ ಪಕ್ಕದ ಯಂತ್ರ ಕೇಳಿದಾಗ ನಡೆಯಿತು. ನನಗೆ ಬೇಕಾಗಿದ್ದುದು ಅಷ್ಟೇ.

ಸದಸ್ಯರು ತಮ್ಮ ಮನೆಯ ಪಟ್ಟಿಯನ್ನೂ, ಕೆಟ್ಟ-ಒಳ್ಳೆಯ ಅನುಭವಗಳನ್ನೂ ಸಂಘದ ವಿಳಾಸಕ್ಕೆ ಬರೆದು ಕಳುಹಿಸಬೇಕಾಗಿ ಕೋರಿಕೆ. ನನ್ನ ಲೆಕ್ಕದಲ್ಲಿ ತಪ್ಪು ಕಂಡವರು ಸಂಕೋಚವಿಲ್ಲದೆ ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಅದನ್ನೂ ಪ್ರಕಟಿಸಲಾಗುವುದು.

– ಕಾರ್ಯದರ್ಶಿ